ಕೋಟೆಯಲ್ಲಿ ಒಂದು ರಾತ್ರಿ, ತಿಂಡಿ ಸೇರಿ

ಸೆಪ್ಟೆಂಬರಿನ ಅರ್ಧ ದರ, ಅದೂ ವಾರದ ನಡುವೆ.
ಮಡಗಾಂವಿನ ಆಸ್ಪತ್ರೆಯಲ್ಲಿ
ನಾಲ್ಕು ರಾತ್ರಿಪಾಳಿ ಹೆಚ್ಚಿಗೆ ಮಾಡಿ
ಅವ್ವನನ್ನು ಕರೆತಂದೆ.
ಫೆರಿಯಲ್ಲಿ ಅವಳು ಕೂರಲಿಲ್ಲ.
ಕಂಬಿ ಹಿಡಿದು, ಎದುರು ಗುಡ್ಡದ ಮೇಲೆ
ಹಲ್ಲುಹಲ್ಲಾಗಿ ಕಾಣುವ ಗೋಡೆ ನೋಡುತ್ತ
'ಆವಾಗ ಸುಣ್ಣದ ಚೀಲದ ಮ್ಯಾಲ ಕುಂತು ಬಂದಿದ್ವಿ' ಅಂದಳು.

ಬಾಗಿಲಲ್ಲೇ ಕೋಕಮ್ಮಿನ ತಂಪು, ಬಿಸಿ ಟವಲು.
ಟವಲಿನಿಂದ ಅವ್ವ ಮೊದಲು ಚಪ್ಪಲಿ ಒರೆಸಿದಳು.
ಗಾಂವಕರ್ ಹುಡುಗಿ ಅರ್ಜಿ ಚಾಚಿದಳು:
ಹೆಸರು, ಊರು, ಆಧಾರ್,
ಮೊದಲು ನಮ್ಮಲ್ಲಿ ತಂಗಿದ್ದಿರಾ?
ನಾನು 'ಇಲ್ಲ'ಕ್ಕೆ ಗೀಟು ಹಾಕುವಷ್ಟರಲ್ಲಿ
'ಹೂಂ ಅಂತ ಬರಿ. ಎಂಟು ತಿಂಗಳ.'
ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿದಳು,
ದುರಗವ್ವ ವಡ್ಡರ ಎಂಬುದನ್ನು
ಒಮ್ಮೆ ಹೀಗೆ, ಒಮ್ಮೆ ಹಾಗೆ ತಿದ್ದಿ ತಿದ್ದಿ.
'ಸಾರಿ ಆಂಟಿ, ಹಳೆಯ ಸಿಸ್ಟಮ್ಮಿನಲ್ಲಿರಬಹುದು.'
'ಇರಬೇಕು' ಅಂದಳು ಅವ್ವ.

ಬುರುಜಿನ ಕೋಣೆ. ಮಂಚ ಹತ್ತಲು ಮೆಟ್ಟಿಲು.
ಚೌಕಟ್ಟಿನಲ್ಲಿ ಮೀಸೆಯ ಯಾವನೋ ಕಪ್ತಾನ, ಅವನ ನಾಯಿ.
ಸ್ನಾನದ ತೊಟ್ಟಿಯನ್ನು ಗೇಣು ಹಾಕಿ ಅಳೆದು
'ಇದರಾಗ ಒಂದು ದಿನದ್ದು ಗಾರಿ ಕಲಸಬಹುದು' ಎಂದವಳು
ತನ್ನವೂ ನನ್ನವೂ ಬಟ್ಟೆ ಒಗೆದಳು,
ಸೀರೆಯನ್ನು ಅಂಗಳದ ಪಿರಂಗಿಯ ಮೇಲೆ ಹರವಿದಳು.
ಸಮುದ್ರಕ್ಕೆ ಬಾಯಿ ತೆರೆದ ಕಬ್ಬಿಣಕ್ಕೆ
ಇಳಕಲ್ಲಿನ ಸೆರಗು.
ಮ್ಯಾನೇಜರ್ ಬಂದ, ನೋಡಿದ, ಕೆಮ್ಮಿದ.
ಜರ್ಮನ್ ಮುದುಕನೊಬ್ಬ ಅದರ ಫೋಟೋ ತೆಗೆಯುತ್ತಿದ್ದ,
ಹಾಗಾಗಿ ಸುಮ್ಮನಾದ.

ಸಂಜೆ ಐದಕ್ಕೆ ಪರಂಪರೆಯ ನಡಿಗೆ, ಉಚಿತ.
ಆಗ್ನೆಲು, ಎದೆಯಲ್ಲಿ ಹಿತ್ತಾಳೆಯ ಹೆಸರು, ಕೈಯಲ್ಲಿ ಕೊಡೆ.
ಕೊಡೆಯ ತುದಿಯಿಂದ ಗೋಡೆ ಮುಟ್ಟಿ
'ನಾನೂರು ವರ್ಷ. ಒಂದು ಕಲ್ಲೂ ಕದಲಿಲ್ಲ' ಎಂದ.
ಗುಂಪಿನ ಹಿಂದಿನಿಂದ ಬಂದ ಅವ್ವ
ಬೆರಳ ಗೆಣ್ಣಿನಿಂದ ಬಡಿದಳು, ಕಿವಿ ಇಟ್ಟಳು,
ನಮ್ಮ ಡಾಕ್ಟರು ಮುದುಕರ ಬೆನ್ನು ಬಡಿಯುವ ಹಾಗೆ.
'ಇಲ್ಲೀತನಕ ಹಳೇದು. ಇಲ್ಲಿಂದ ಆಚಿಗೆ ಮೂವತ್ತೊಂದು.
ಆ ಮಳಿಗಾಲ ಪೂರಾ ಕುಸದಿತ್ತು ತಮ್ಮಾ.
ಇಕಿ ಅಲ್ಲಿ, ಗೋಡಂಬಿ ಗಿಡದ ಜೋಳಗ್ಯಾಗ ಮಲಗಿದ್ಲು.'
ನಾನು ಕೊಂಕಣಿಗೆ ತಿರುಗಿಸಿದೆ,
ಕುಸಿದದ್ದೊಂದನ್ನು ಬಿಟ್ಟು.
ಅದನ್ನವಳು ಹಿಂದಿಯಲ್ಲಿ ತಾನೇ ಹೇಳಿದಳು.
ಎಲ್ಲರೂ ಗೋಡೆ ಬಿಟ್ಟು ನನ್ನನ್ನು ನೋಡಿದರು.
ಆಗ್ನೆಲು ಕೊಡೆ ಮಡಚಿದ, ಮತ್ತೆ ಬಿಚ್ಚಿದ.
ಮಳೆಯೇನೂ ಇರಲಿಲ್ಲ.

ನಡುರಾತ್ರಿ ಎಚ್ಚರಾದಾಗ ಮಂಚದಲ್ಲಿ ಅವ್ವ ಇಲ್ಲ.
ಹೊರಗೆ, ಮೊಬೈಲಿನ ಬೆಳಕು ಹಿಡಿದು
ಕೆಂಪುಕಲ್ಲಿನ ಸಂದು ಸಂದು ತಡವುತ್ತಿದ್ದಾಳೆ.
ಮೂಗುಬೊಟ್ಟು. ಅಪ್ಪ ಮಾಪುಸಾದ ಸಂತೆಯಲ್ಲಿ ಕೊಡಿಸಿದ್ದು.
ಗಾರೆಯ ಬುಟ್ಟಿಗೆ ಬಿದ್ದದ್ದು ತಿಳಿಯುವಷ್ಟರಲ್ಲಿ
ಮೇಲೆ ಮೂರು ಸಾಲು ಕಲ್ಲು ಕೂತಿತ್ತಂತೆ.
ಅಪ್ಪ ಹಾರೆ ಎತ್ತಿದನಂತೆ.
'ನಾನಽ ಬ್ಯಾಡಂದೆ. ಒಡದ್ರ ವಾರದ ಪಗಾರ ಹೊಕ್ಕಿತ್ತು.'
ಅವಳ ಮೂಗಿನ ತೂತಿನಲ್ಲಿ ಯಾವಾಗಲೂ
ಕಸಬರಿಗೆಯ ಕಡ್ಡಿ ಯಾಕೆಂದು
ನಾನು ಕೇಳಿರಲೇ ಇಲ್ಲ.
ನಾನೂ ಹುಡುಕಿದೆ. ಬಗ್ಗಿ, ಉಗುರಿನಿಂದ ಕೆರೆದು.
ಆ ಗಾರೆ ಒಂದು ಚೂರೂ ಉದುರಲಿಲ್ಲ.
'ಹಂಗೆಲ್ಲ ಬರಂಗಿಲ್ಲದು' ಅಂದಳು,
ದನಿಯಲ್ಲಿ ಬೇಸರಕ್ಕಿಂತ ಜಂಬವೇ ಹೆಚ್ಚು.
'ಬೆಲ್ಲದ ನೀರು ಹಾಕಿ ಕಲಸಿದ್ದು ನಾನು.'

ಬೆಳಿಗ್ಗೆ ತಿಂಡಿ: ಪಾವ್, ಪಪ್ಪಾಯಿ, ಮೂರು ಥರದ ಜಾಮು.
ಫೆರಿಯಲ್ಲಿ ಈ ಸಲ ಕೂತಳು, ಕೋಟೆಗೆ ಬೆನ್ನು ಮಾಡಿ,
ತೊಡೆಯ ಮೇಲೆ ಸೀರೆ ಮಡಿಸುತ್ತ.
ಸೆರಗಿನ ನಡುವೆ ಪಿರಂಗಿಯ ತುಕ್ಕು,
ರೊಟ್ಟಿಯಷ್ಟಗಲ.
ಬಿಸಿಲಿಗೆ ಹಿಡಿದು ನೋಡಿದಳು.
'ನಿಂಬಿಹಣ್ಣು ತಿಕ್ಕಬೇಕು' ಅಂದಳು,
ಮತ್ತೆ ಒಂದಿಷ್ಟು ಹೊತ್ತು ಬಿಟ್ಟು,
'ತಿಕ್ಕೂದು ಬ್ಯಾಡ ಬಿಡು.'