ನಾಲ್ಕನೇ ತರಗತಿ

ಮೂವತ್ತೊಂದು ವರ್ಷದಿಂದ ನಾನು
ನಾಲ್ಕನೇ ತರಗತಿ.
ಹೆಸರು ಮೊಕಿಚಿ. ವಯಸ್ಸು ಹತ್ತು. ಮೊಣಕಾಲಿಗೊಂದು ಪಟ್ಟಿ.
ಪ್ರತಿ ಬುಧವಾರ ಸಂಜೆ ಆರೂವರೆಗೆ
ಶೂ ಕಳಚದೆ ಮನೆಯೊಳಕ್ಕೆ ನುಗ್ಗಿ
ಅಮ್ಮನ ಕೈಲಿ ಬೈಸಿಕೊಳ್ಳುತ್ತೇನೆ.

ಟಿವಿಯ ಹಿಂದೆ ನಾನು ನಗುಮೊ ಫುಸಾಎ, ಅರವತ್ತೆರಡು.
ಮೊಣಕಾಲಿಗೆ ನಿಜಕ್ಕೂ ಪಟ್ಟಿ ಇದೆ;
ಕಾರಣ ಮಾತ್ರ ಬೇರೆ.

ನೆರಿಮಾದಲ್ಲಿ ನಮ್ಮ ಸ್ಟುಡಿಯೋ, ನೆಲದ ಕೆಳಗೆ, ಹದಿನೇಳು ಮೆಟ್ಟಿಲು.
ಸರಭರ ಎನ್ನುವ ಬಟ್ಟೆ ತೊಡುವಂತಿಲ್ಲ.
ಹಾಳೆ ತಿರುವಬೇಕು
ಮಲಗಿದ ಮಗುವಿನ ಮೇಲಿಂದ ಹೊದಿಕೆ ಸರಿಸುವ ಹಾಗೆ.
ಬೆಳಿಗ್ಗೆ ತಿಂಡಿ ತಿಂದೇ ಬರಬೇಕು:
ಮೈಕಿಗೆ ನಾಲಗೆಗಿಂತ
ಹೊಟ್ಟೆಯ ಮಾತೇ ಚೆನ್ನಾಗಿ ಕೇಳುತ್ತದೆ.

ನಲವತ್ತನೇ ಕಂತಿಗೆ ನನ್ನ ಮಗ ಹುಟ್ಟಿದ. ತಕೇಹಿಕೊ.
ಮೊಕಿಚಿಗಿಂತ ಚಿಕ್ಕವನಾಗಿದ್ದ, ಬಹಳ ದಿನ.
ಆಮೇಲೆ ಒಂದು ವರ್ಷ
ಇಬ್ಬರೂ ಒಂದೇ ತರಗತಿ, ಒಂದೇ ಎತ್ತರ,
ಮನೆಯಲ್ಲಿ ನನಗೆ ಎರಡು ಗಂಟಲು.
ಮಾರ್ಚಿ ಮುಗಿಯಿತು. ಇವನು ಹೊಸ ಪುಸ್ತಕಕ್ಕೆ ರಟ್ಟು ಹಾಕುತ್ತಾ ಕೇಳಿದ:
'ಅಮ್ಮಾ, ಅವನು ಯಾವಾಗ ಐದಕ್ಕೆ ಹೋಗ್ತಾನೆ?'

ಈಗ ನಾಗೋಯಾದಲ್ಲಿ ಲಿಫ್ಟು ರಿಪೇರಿ ಮಾಡುತ್ತಾನೆ.
ನೆತ್ತಿ ಬೆಳ್ಳಗೆ ಕಾಣಿಸತೊಡಗಿದೆ.
ನಾನಿನ್ನೂ ಉತ್ತರ ಹುಡುಕುತ್ತಿದ್ದೇನೆ.

ಯುರಿನೊ ಹೇಳುತ್ತಾಳೆ: ಹನ್ನೆರಡು ಸಾಕು ಅಕ್ಕಾ.
ಅವಳದ್ದು ನಡುರಾತ್ರಿ ಒಂದೂವರೆಯ ಕತೆ,
ಹನ್ನೆರಡೇ ಗುರುವಾರ.
ಕೊನೆಯಲ್ಲಿ ನಾಯಕಿ ಸೇತುವೆಯ ಮೇಲೆ ಕೈ ಚಾಚಿದಳು,
ಚಾಚಿದ ಕೈ ಹಾಗೇ ಉಳಿಯಿತು.
ಹಿಡಿದವರು ಯಾರೆಂದು ಕೇಳಿ ಇವತ್ತಿಗೂ ಕಾಗದ ಬರುತ್ತವೆ.
ಕುಚಿಕಿ ಸಾಹೇಬರ ಲೆಕ್ಕ ಇಪ್ಪತ್ತಾರು:
'ನೋಡುವವನು ಒಂದು ಸ್ವೆಟರು ಕೊಳ್ಳಬೇಕು,
ಅದನ್ನು ಒಗೆದು ಎತ್ತಿಡಬೇಕು, ಅಷ್ಟು.'
ಜಾಹೀರಾತಿನವರು ಲೆಕ್ಕ ಹೇಳುವುದಿಲ್ಲ.
ಮಕ್ಕಳ ಶೂ ಎಷ್ಟು ಜೊತೆ ಹೋಯಿತು ಎಂದಷ್ಟೇ ಕೇಳುತ್ತಾರೆ.

ಒಂಬೈನೂರ ಚಿಲ್ಲರೆಯಲ್ಲಿ ನಮ್ಮ ಅಪ್ಪ ತೀರಿಕೊಂಡರು.
ಮೊಕಿಚಿಯ ಅಪ್ಪ; ದನಿ ಕೊಡುತ್ತಿದ್ದವರು.
ಮುಂದಿನ ಬುಧವಾರವೂ ಅಪ್ಪ ಆಫೀಸಿನಿಂದ ಬಂದ,
ಟೈ ಸಡಿಲಿಸಿದ,
ಬೇರೆ ಗಂಟಲಲ್ಲಿ 'ಬಂದೆ' ಎಂದ.
ನಾನು ಓಡಿಹೋಗಿ ಕಾಲು ತಬ್ಬಬೇಕಿತ್ತು.
ತಬ್ಬಿದೆ. ಏಳನೇ ಟೇಕಿಗೆ.

ತೊತ್ತೋರಿಯಲ್ಲಿ ಅಜ್ಜಿ ಕತೆ ಹೇಳುತ್ತಿದ್ದಳು, ದೀಪ ಆರಿಸಿ.
ನಾವು ಹೂಂಗುಟ್ಟಬೇಕು.
ಹೂಂ ಇದ್ದಷ್ಟು ಹೊತ್ತು ನರಿ ನಡೆಯುತ್ತದೆ,
ಹೂಂ ನಿಂತಲ್ಲಿ ನರಿಯೂ ನಿಲ್ಲುತ್ತದೆ,
ಒಂದು ಕಾಲೆತ್ತಿಕೊಂಡೇ.
ಮಾರನೇ ರಾತ್ರಿ ಸರಿಯಾಗಿ ಅಲ್ಲಿಂದಲೇ.
ನಾವು ಎಲ್ಲಿ ನಿದ್ದೆಹೋದೆವೆಂದು
ನಮಗೆ ಗೊತ್ತಿರುತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

ಮೈಕಿನಲ್ಲಿ ಹೂಂ ಕೇಳಿಸುವುದಿಲ್ಲ, ಅದೇ ತೊಂದರೆ.
ಯಾರು ಮಲಗಿದರು, ಯಾರು ಎದ್ದುಹೋದರು,
ಯಾರು ಈಗ ತಮ್ಮ ಮಗುವಿಗೆ ಟಿವಿ ಹಾಕಿಕೊಟ್ಟು
ಬಾಗಿಲ ಹತ್ತಿರ ನಿಂತೇ
ಇನ್ನೊಂದು ನಿಮಿಷ ನೋಡುತ್ತಿದ್ದಾರೆ...

ಇವತ್ತಿನ ಹಾಳೆಗಳಲ್ಲೂ ಕೊನೆಗೆ ಅದೇ ಸಾಲು.
ಹೊಸ ಹುಡುಗಿಯೊಬ್ಬಳು ಹಿಂದಿನ ಬೆಂಚಿನಲ್ಲಿ ಕೂತಿದ್ದಾಳೆ,
ಸುಮ್ಮನೆ ನೋಡಲಿಕ್ಕೆ ಬಂದವಳಂತೆ.
ತುಟಿ ಮಾತ್ರ ನನ್ನ ಜೊತೆಗೇ ಆಡುತ್ತಿದೆ.
ನನಗೆ ಕಾಣುವುದಿಲ್ಲ ಅಂದುಕೊಂಡಿರಬೇಕು.

ಕೆಂಪು ದೀಪ.
'ನಾಳೆ ಬರ್ತೀನಿ, ಆಟಕ್ಕೆ!' ಅಂದೆ.
ಅಂದ ಮೇಲಿನ ಮೌನದಲ್ಲಿ
ನನ್ನ ಹೊಟ್ಟೆ ಗುರ್ ಅಂದಿತು, ಉದ್ದಕ್ಕೆ.
ಗಡಿಬಿಡಿಯಲ್ಲಿ ತಿಂಡಿ ಬಿಟ್ಟಿದ್ದೆ.
ಕ್ಷಮಿಸಿ, ಇನ್ನೊಮ್ಮೆ, ಎಂದು ತಲೆ ಬಾಗಿಸಿದೆ.

ಗಾಜಿನಾಚೆ ಎಂಜಿನಿಯರು ತಲೆಗೆ ಸಿಕ್ಕಿಸಿದ್ದನ್ನು ಸರಿಸಿ
ಗುಂಡಿ ಒತ್ತಿ ಹೇಳಿದ:
ಬೇಡ, ಇರಲಿ ಬಿಡಿ.
ಹತ್ತು ವರ್ಷದ ಹುಡುಗ,
ಈ ಹೊತ್ತಿಗೆ ಹಸಿದಿರುತ್ತಾನೆ.