ಬಳಕೆಯಲ್ಲಿದೆ

ಇವತ್ತು ಉಗ್ರಾಣ ಗುಡಿಸುವ ದಿನ.
ಕೋಡಿಬಾಗದ ಎರಡನೇ ಮಹಡಿ, ಕಿಟಕಿಯಾಚೆ ಕಾಳಿ ನದಿ
ಉಪ್ಪಾಗುವುದೋ ಬೇಡವೋ ಎಂದು ನಿಂತಿದೆ.
ನಾನು ಕಡತ ತೆರೆದು ಓದುತ್ತೇನೆ:
ಗೋಡೆ.
ಗೋಡೆ ಹೊಸದು.
ಗೋಡೆ ಹೊಸದು ಖರೇ.
ಗೋಡೆ ಹೊಸದು ಖರೇ ಎರಡು.
ನಾಲ್ಕರಲ್ಲೂ ಅದೇ ಚಿರೆಕಲ್ಲು, ಅದೇ ಒಂಬತ್ತು ಇಂಚು,
ಒಂದಕ್ಕೆ ಮಾತ್ರ ಗಿಲಾವು ಎರಡೂ ಬದಿಗೆ.
ಯಾರೋ ಯಾವುದೋ ಸಂಜೆ, ಬಸ್ಸು ತಪ್ಪೀತೆಂದು,
ನಕಲು ತೆಗೆದು ನಡೆದಿದ್ದಾರೆ.
ಗೋಡೆ ಕಟ್ಟಬಹುದು, ಹೆಸರಿಡುವುದು ಕಷ್ಟ.

"ಟೆಂಪ್ಲೇಟು ಅಂದರೆ ಚಕ್ಕುಲಿ ಒರಳಿನ ಬಿಲ್ಲೆ,"
ಮೊದಲ ದಿನ ತಳೇಕರ ಸರ್ ಹೇಳಿದ್ದು.
"ಹಿಟ್ಟು ಯಾರದಾದರೂ ಇರಲಿ, ತೂತು ನಮ್ಮದು.
ತೂತು ಸೊಟ್ಟಾದರೆ ಊರಿಗೆಲ್ಲ ಸೊಟ್ಟ ಚಕ್ಕುಲಿ."
ಆಗ ನಕ್ಕಿದ್ದೆ. ಕಿಟಕಿಯ ಗಾಜಿಗೆ ಒಂದು ಸೊನ್ನೆ ಹೆಚ್ಚು ಬರೆದು
ಹೊನ್ನಾವರದ ಆಸ್ಪತ್ರೆ, ಭಟ್ಕಳದ ಕಾಲೇಜು, ಮಲ್ಲಾಪುರದ ವಸತಿಗೃಹ,
ಮೂರನ್ನೂ ಒಂದೇ ರಾತ್ರಿ ಬೇಯಿಸಿದ ಮೇಲೆ
ನಗುವುದು ಬಿಟ್ಟೆ.

ಹವಾಮಾನದ ಖಾನೆಯಲ್ಲಿ ಎರಡೇ ಕಡತ:
ಪಣಜಿಯದೊಂದು, ಮಂಗಳೂರಿನದೊಂದು.
ನಮ್ಮ ಊರಿಗೆ ತನ್ನದೇ ಬಿಸಿಲಿಲ್ಲ ಇಲ್ಲಿ.
ಆ ದಿನ ಯಾವುದು ಕೈಗೆ ಸಿಕ್ಕಿತೋ ಅದೇ ಕಾರವಾರ,
ಕಡಲ ಗಾಳಿ ನಮ್ಮನ್ನು ಕೇಳಿ ಬೀಸುವಂತೆ.
ಮುಟ್ಟಲಿಲ್ಲ. ಸಾಲ ತಂದ ಸಾಮಾನು ಗುಡಿಸಬಾರದು.

ಆಮೇಲೆ ಸಿಕ್ಕಿತು ಇದು: ಕಚೇರಿ ಸಾಮಾನ್ಯ.
ಹತ್ತಕ್ಕೆ ಜನ ನೂರಕ್ಕೆ ಅರವತ್ತು, ಹನ್ನೊಂದಕ್ಕೆ ತೊಂಬತ್ತು.
ಒಂದು ಹತ್ತಕ್ಕೆ ದೀಪ ಆರಿ ಎರಡೂಕಾಲಿಗೆ ಮತ್ತೆ.
ಇರಲಿ, ಮೀನೂಟ ಬೇಗ ಮುಗಿಯುವುದಿಲ್ಲ.
ಆದರೆ ಬುಧವಾರ, ಬುಧವಾರ ಮಾತ್ರ,
ಮೂರು ಗಂಟೆಗೆ ಅರ್ಧಕ್ಕರ್ಧ ಜನ ಮಾಯ.
ಮೂರರಿಂದ ನಾಲ್ಕೂವರೆ. ವರ್ಷದ ಐವತ್ತೆರಡೂ ಬುಧವಾರ.
ತಪ್ಪು ಕಂಡ ಖುಷಿಯಲ್ಲಿ 'ಅಳಿಸು' ಒತ್ತಿದೆ.
ಪರದೆ ಹೇಳಿತು: ಬಳಕೆಯಲ್ಲಿದೆ. ಹದಿನಾಲ್ಕು ಕಟ್ಟಡ.

ಹದಿನಾಲ್ಕು!
ಹುಬ್ಬಳ್ಳಿಯ ಬ್ಯಾಂಕು, ಗದಗಿನ ವಿಮೆ ಕಚೇರಿ,
ಇನ್ನೂ ಪಾಯ ತೋಡದ ಕುಮಟೆಯ ಕೋರ್ಟು,
ಎಲ್ಲೆಲ್ಲೂ ಬುಧವಾರ ಮೂರಕ್ಕೆ
ಕುರ್ಚಿ ಸರಿಸಿ ಎದ್ದು ಹೋಗುತ್ತಿದ್ದಾರೆ ಜನ,
ಇನ್ನೂ ಸಿಗದ ನೌಕರಿಯಿಂದ,
ಎಲ್ಲಿಗೆಂದು ಗೊತ್ತಿಲ್ಲದೆ.
ಎಸಿ ಅವರ ಬೆನ್ನ ಹಿಂದೆ ಉಸಿರು ಇಳಿಸುತ್ತದೆ.

ತಳೇಕರ ಸರ್ ಈಗ ಮಾಜಾಳಿಯಲ್ಲಿ ಕಲ್ಲಂಗಡಿ ಹಾಕಿದ್ದಾರೆ.
ಫೋನಿನಲ್ಲಿ ಪಂಪಿನ ಸದ್ದು.
"ಬುಧವಾರವಾ? ಕೇರಂ, ಬಾಯ!
ಹಳೇ ಟಪಾಲು ಕಚೇರಿಯ ಹಿಂದಿನ ಪಡಸಾಲೆ.
ಮೂರು ವಾರ ಸ್ಟೂಲಿನ ಮೇಲೆ ಕೂತು ತಲೆ ಎಣಿಸಿದ್ದೆ.
ಸಾಳಗಾಂವಕರ ಅಂತಿದ್ದ,
ರಾಣಿ ಬಿದ್ದರೆ ಬಂದರಿಗೆ ಕೇಳುವ ಕೂಗು.
ಇದ್ದದ್ದು ಬರೆದೆ. ಮತ್ತೇನು,
ದಿಲ್ಲಿಯವರ ಒಂಬತ್ತು-ಆರು ಬರೆಯಬೇಕಿತ್ತೇ?"

ಅಳಿಸಲಿಲ್ಲ. ಹೆಸರು ತಿದ್ದಿದೆ:
ಟಪಾಲು ಕಚೇರಿ, ಕಾರವಾರ, ಕೇರಂ ಸಹಿತ.
ಉಳಿದ ಹದಿಮೂರಕ್ಕೆ ಬೇರೆ ವೇಳೆ ಬರೆದು
ಒಂದೊಂದರಲ್ಲೂ ಜನರನ್ನು ವಾಪಸು ಕೂರಿಸುತ್ತ ಹೋದೆ.
ಗದಗಿನ ವಿಮೆ ಕಚೇರಿಗೆ ಬರುವಾಗ ಸಂಜೆ ಏಳು.
ಅದನ್ನೊಂದು ನಾಳೆಗೆ ಬಿಟ್ಟೆ,
ಇನ್ನೊಂದು ಆಟ ಆಡಿಕೊಳ್ಳಲಿ.

ನಾಳೆಯೇ ಬೈತಖೋಲಿನ ಮಂಜುಗಡ್ಡೆ ಕಾರ್ಖಾನೆ.
ಉಗ್ರಾಣದಲ್ಲಿ ಅದಕ್ಕೊಪ್ಪುವ ಬಿಲ್ಲೆಯಿಲ್ಲ.
ಶೇವಂತಿ ತಾಂಡೇಲ ಹೇಳಿದ್ದಾಳೆ:
ನಸುಕಿನ ನಾಲ್ಕಕ್ಕೆ ಬಾ.
ಬೋಟು ಬಂದರೆ ನಲವತ್ತು ಜನ, ಬಾರದಿದ್ದರೆ
ನಾನು, ಎರಡು ಬೆಕ್ಕು.
ಜೂನು ಜುಲೈ ಬೆಕ್ಕು ಮಾತ್ರ.
ಬೆಕ್ಕಿನ ಮೈಬಿಸಿ ಎಷ್ಟು ವ್ಯಾಟು,
ಯಾವ ಪಟ್ಟಿಯಲ್ಲೂ ಇಲ್ಲ.

ಸ್ಟೂಲು ಹುಡುಕಿ ಬಾಗಿಲ ಹತ್ತಿರ ಇಟ್ಟಿದ್ದೇನೆ.