ಇನ್ನ ಹನ್ನೊಂದ ದಿನ

ಟಕ್. ಸುಮ್ಮಕ. ಟಕ್ ಟಕ್.
ಲ್ಯಾಪ್‌ಟಾಪಿನ ಎಡ ಮಗ್ಗಲಾಗ ಯಾರೋ
ಒಳಗಿಂದ ಉಗುರಿಲೆ ಬಡದಂಗ.

ಮಗ್ಗ ಬಿಟ್ಟ ಎದ್ದಬಂದು ರುದ್ರವ್ವ ಕಾಕಿ
ಕಿವಿ ಹಚ್ಚಿ ಕೇಳಿದಳು:
"ಲಾಳಿ ಎಲ್ಲೋ ತಡಿಯಾಕತ್ತೈತಿ.
ಇವತ್ತಲ್ಲ ನಾಳಿ ಎಳಿ ಕಡೀತೈತಿ."

ಗುಳೇದಗುಡ್ಡದಿಂದ ಬಾಗಲಕೋಟಿತನಾ
ಬಸ್ಸು ಕುಣಿಗೆ ಬಿದ್ದಲ್ಲೆಲ್ಲಾ
ಎರಡೂ ಕೈಲೆ ಮ್ಯಾಲೆತ್ತಿ ಹಿಡದು ಒಯ್ದೆ.
ನವನಗರದ ಸರ್ವಿಸ್ ಸೆಂಟರಿನ ಇಮ್ತಿಯಾಜ
ಪರೀಕ್ಷಾ ಹಚ್ಚಿ ಹಸರ ಅಕ್ಷರ ತೋರಿಸಿದ: ಪಾಸ್.
"ಪೂರಾ ಕೆಟ್ಟ ಮ್ಯಾಲ ತರ್ರಿ ಅಕ್ಕಾರ,
ಫುಕಟ ಹೊಸಾದ ಹಾಕಿ ಕೊಡತೀವಿ.
ಅರ್ಧ ಕೆಟ್ಟದ್ದಕ್ಕ ಫಾರ್ಮಿನ್ಯಾಗ ಕಾಲಮ್ ಇಲ್ಲ.
ಮತ್ತ, ಒಳಗಿಂದರ ಜವಾಬ್ದಾರಿ ನಮ್ಮದಲ್ಲ."

ಒಳಗಿಂದು:
ನಾಕನೂರಾ ಹದಿನೇಳು ಖಣದ ನಕ್ಷಿ.
ಗೆದ್ದಲ ತಿಂದ ಹಾಳಿ ಮ್ಯಾಲಿನ ಚುಕ್ಕಿ
ಒಂದೊಂದ ಎಣಿಸಿ
ಎರಡ ವರ್ಷ ಇಳಿಸಿಕೊಂಡಾವು.
ಮುಗದ ಮ್ಯಾಲ ಹಾಳಿ
ನಾನ ಒಲಿಗೆ ಹಾಕಿದೆ.
ನೀರು ಛಲೋ ಕಾದಿತ್ತು ಅವತ್ತು.

ಈಗ ನಡುರಾತ್ರಿ ಪೆನ್‌ಡ್ರೈವ್ ಸಿಗಿಸಿ ಕುಂತೀನಿ.
ನೂರಕ್ಕ ಅರವತ್ತಮೂರು. ಅಲ್ಲೇ ನಿಂತೈತಿ.
"ಇನ್ನೊಂದ ತಾಸ ತಡಿ ನನ್ನವ್ವಾ"
ಬೆಚ್ಚಗಿನ ಬೆನ್ನಿನ ಮ್ಯಾಲ ಕೈಯಾಡಿಸ್ತೀನಿ.
ಅದ ಬಾಯಿಲೆ ಕ್ಯಾಲೆಂಡರ್ ನೋಡಿ ಅಂತೀನಿ:
"ಇಪ್ಪತ್ತೆಂಟರ ಒಳಗ ಮಾತ್ರ
ಸಾಯಬೇಕ ನೋಡು."

ಇಂಥಾ ಹರಕಿ
ಯಾ ದೇವರ ಮುಂದ ಬಾಯಿಬಿಟ್ಟ ಹೇಳಲಿ?

ನಿದ್ದಿಗಣ್ಣಾಗ ಕಾಕಿ ಕೇಳತಾಳ:
"ಯಾರ ಕೂಡ ಮಾತಾಡಾಕತ್ತೀಯ?"

ಟಕ್.
ಅರವತ್ನಾಕು.